ಹುಬ್ಬಿನಲ್ಲಿ ಹೇಳಿದ ‘ಹೌದು’: ಆರ್ಕ್ಟಿಕ್ ಹಳ್ಳಿಯ ಒಂದು ದಾಂಪತ್ಯದ ಪ್ರಕರಣ ಅಧ್ಯಯನ

ಈ ಪ್ರಕರಣದ ಕಡತದಲ್ಲಿ ನನ್ನ ಕೈಬರಹದ ಒಂದು ಸಾಲಿನ ಮೇಲೆ ಈಗ ಕೆಂಪು ಶಾಯಿಯ ಗೀಟು ಇದೆ. ಮೊದಲ ಮೂರು ಮಾತುಕತೆಗಳು ಮುಗಿದ ಮೇಲೆ ನಾನು ಬರೆದಿದ್ದ ಸಾಲು ಅದು: ‘ಗಂಡ ಸಹಕರಿಸುತ್ತಿಲ್ಲ, ನೇರ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.’ ಆತ ಉತ್ತರ ಕೊಟ್ಟಿದ್ದ, ನನಗೆ ಕಾಣಿಸಿರಲಿಲ್ಲ. ಆಪ್ತಸಮಾಲೋಚನೆಯ ಕೆಲಸದಲ್ಲಿ ಇರುವವರಿಗೆ, ಅದರಲ್ಲೂ ತಮ್ಮದಲ್ಲದ ಸಮಾಜದ ಕುಟುಂಬಗಳೊಡನೆ ದೂರದಿಂದ ಮಾತನಾಡಬೇಕಾದವರಿಗೆ, ಆ ಗೀಟಿನ ಹಿಂದಿನ ಕಥೆ ಪ್ರಯೋಜನಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಗುರುತು ಮರೆಮಾಡುವ ಬಗ್ಗೆ ಮೊದಲೇ ಒಂದು ಮಾತು. ಕೆನಡಾದ ನುನಾವುಟ್ ಪ್ರಾಂತ್ಯದಲ್ಲಿ ಇರುವುದೇ 25 ಊರುಗಳು. ಅವುಗಳಲ್ಲಿ ಹೆಚ್ಚಿನವು ಎಷ್ಟು ಚಿಕ್ಕವೆಂದರೆ ಒಬ್ಬರ ಉದ್ಯೋಗ ಹೇಳಿದರೆ ಸಾಕು, ಹೆಸರು ಹೇಳಿದಂತೆಯೇ. ಆದ್ದರಿಂದ ಊರನ್ನು ಹೇಳಿಲ್ಲ. ವಯಸ್ಸು, ಉದ್ಯೋಗ ಮತ್ತು ಮನೆಮಂದಿಯ ಲೆಕ್ಕವನ್ನು ಬದಲಿಸಿದ್ದೇನೆ. ದಂಪತಿ ಈ ಬರಹವನ್ನು ಓದಿ ಒಪ್ಪಿದ್ದಾರೆ. ಆತನ ತಾಯಿಯ ಒಪ್ಪಿಗೆಯನ್ನು ಪಡೆದ ಬಗೆ ಬೇರೆ, ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಇಬ್ಬರೂ ವಿಧಿಪೂರ್ವಕವಾಗಿ ಮದುವೆಯಾದವರಲ್ಲ, ಆದರೆ ಊರಿನ ಕಣ್ಣಿಗೆ ಗಂಡ ಹೆಂಡತಿಯರೇ ಆದ್ದರಿಂದ ಇಲ್ಲಿಯೂ ಅದೇ ಪದಗಳನ್ನು ಬಳಸಿದ್ದೇನೆ.

ಹಿನ್ನೆಲೆ

ನುನಾವುಟ್ 1999ರ ಏಪ್ರಿಲ್ 1ರಂದು ವಾಯವ್ಯ ಪ್ರಾಂತ್ಯಗಳಿಂದ ಬೇರ್ಪಟ್ಟು ಹುಟ್ಟಿದ್ದು. ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರ್; 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 37,000ಕ್ಕೂ ತುಸು ಕಡಿಮೆ. ಅವರಲ್ಲಿ ಹೆಚ್ಚಿನವರು ಇನುಯಿಟ್ ಜನ. ನಾವು ಶಾಲೆಯ ಪುಸ್ತಕಗಳಲ್ಲಿ ‘ಎಸ್ಕಿಮೊ’ ಎಂದು ಓದಿದವರು ಇವರೇ, ಆ ಹೆಸರನ್ನು ಅವರು ಒಪ್ಪುವುದಿಲ್ಲ. ಒಂದು ಊರಿನಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಜನ ವಿಮಾನದಲ್ಲಿ ಬರುತ್ತಾರೆ, ಭಾರದ ಸಾಮಾನು ಬೇಸಿಗೆಯಲ್ಲಿ ಸಮುದ್ರದ ಮಂಜು ಕರಗಿದಾಗ ಹಡಗಿನಲ್ಲಿ ಬರುತ್ತದೆ. ಈ ಪ್ರಕರಣದ ಊರು ಬಾಫಿನ್ ದ್ವೀಪದ ಉತ್ತರ ಭಾಗದಲ್ಲಿದೆ. ಅಲ್ಲಿ ನವೆಂಬರ್ ಮಧ್ಯದಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣುವುದು ಜನವರಿಯ ಕೊನೆಗೆ. ವರ್ಷವಿಡೀ ಹೆಪ್ಪುಗಟ್ಟಿರುವ ನೆಲದಲ್ಲಿ ಕೊಳವೆ ಹೂಳುವುದು ಕಷ್ಟ, ಹಾಗಾಗಿ ಮನೆ ಮನೆಗೂ ಟ್ಯಾಂಕರಿನಲ್ಲಿ ನೀರು ತುಂಬಿಸಿ ಹೋಗುತ್ತಾರೆ.

ಆಕೆ ದಕ್ಷಿಣ ಒಂಟಾರಿಯೊದ ರೈತಾಪಿ ಊರಿನವಳು, ಶಾಲಾ ಶಿಕ್ಷಕಿ. 2016ರ ಆಗಸ್ಟಿನಲ್ಲಿ ಎರಡು ವರ್ಷದ ಒಪ್ಪಂದದ ಮೇಲೆ ಬಂದಳು. ಕೆಲಸದ ಜೊತೆಗೆ ಬಂದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಆತ ನೀರಿನ ಟ್ಯಾಂಕರಿನ ಚಾಲಕ, ವಾರದ ಕೊನೆಯಲ್ಲಿ ಸೀಲ್ ಬೇಟೆಗೆ ಹೋಗುವವನು. ತಾಯಿ, ತಂಗಿ, ತಂಗಿಯ ಮಕ್ಕಳು ಸೇರಿ ಒಂಬತ್ತು ಜನ ಮೂರು ಕೋಣೆಯ ಮನೆಯಲ್ಲಿದ್ದರು.

ಪ್ರೀತಿ ಶುರುವಾದ ಬಗೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದರೂ ವಿವರ ಒಂದೇ. 2017ರ ವಸಂತದಲ್ಲಿ, ಕೆರೆಗಳ ಮಂಜಿಗೆ ತೂತು ಕೊರೆದು ಚಾರ್ ಮೀನು ಹಿಡಿಯುವ ದಿನಗಳಲ್ಲಿ, ಆಕೆಯ ಮನೆಯ ಹೊರಬಾಗಿಲ ಪಡಸಾಲೆಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಹೆಪ್ಪುಗಟ್ಟಿದ ಒಂದು ಮೀನು ಇತ್ತು. ಚೀಟಿಯಿಲ್ಲ, ಹೆಸರಿಲ್ಲ. ಮುಂದಿನ ವಾರ ಇನ್ನೊಂದು, ಅದರ ಮುಂದಿನ ವಾರ ಮತ್ತೊಂದು. ಯಾರೋ ಮನೆ ತಪ್ಪಿ ಇಟ್ಟಿರಬೇಕೆಂದು ಆಕೆ ಶಿಕ್ಷಕರ ಕೋಣೆಯಲ್ಲಿ ವಿಚಾರಿಸಿದಾಗ ಸ್ಥಳೀಯ ಸಹೋದ್ಯೋಗಿಗಳೆಲ್ಲ ನಕ್ಕರೇ ಹೊರತು ಯಾರೂ ಹೆಸರು ಹೇಳಲಿಲ್ಲ. ಕೊನೆಗೆ ನೀರು ತುಂಬಿಸಲು ಬಂದವನನ್ನೇ ಕೇಳಿದಳು. ಆತ ಹುಬ್ಬು ಎತ್ತಿದ. ಅಲ್ಲಿ ಹುಬ್ಬು ಎತ್ತಿದರೆ ‘ಹೌದು’, ಮೂಗು ಸುಕ್ಕಿಸಿದರೆ ‘ಇಲ್ಲ’. ಶಾಲೆಯ ಮಕ್ಕಳು ಆಕೆಗೆ ಮೊದಲ ವಾರದಲ್ಲೇ ಕಲಿಸಿದ್ದ ಪಾಠ ಅದು. 2018ರಲ್ಲಿ ಆತ ಆಕೆಯ ಮನೆಗೆ ಬಂದು ನೆಲೆಸಿದ.

ಸಮಸ್ಯೆ

ನನ್ನ ಬಳಿಗೆ ಬಂದಾಗ ಅವರು ಹೇಳಿಕೊಂಡದ್ದು ಮೂರು ದೂರುಗಳನ್ನು. ಮೂರೂ ಚಿಕ್ಕವು ಎಂದು ಆಗ ನನಗೆ ಅನ್ನಿಸಿತ್ತು.

ಮೊದಲನೆಯದು ಬಾಗಿಲಿನದು. ಆ ಊರಿನಲ್ಲಿ ಬಾಗಿಲು ತಟ್ಟಿ ಒಳಗೆ ಬರುವವರು ಪೊಲೀಸರು ಮತ್ತು ದಕ್ಷಿಣದಿಂದ ಬಂದ ‘ಕಲ್ಲುನಾತ್’, ಎಂದರೆ ಇನುಯಿಟ್ ಅಲ್ಲದವರು. ನೆಂಟರು ಸುಮ್ಮನೆ ಒಳಗೆ ಬಂದು ಕೂರುತ್ತಾರೆ. ಗಂಡನ ತಂಗಿಯ ಮಗ, ಹನ್ನೊಂದು ವರ್ಷದ ಹುಡುಗ, ಸಂಜೆ ಬಂದು ಸೋಫಾದ ಮೂಲೆಯಲ್ಲಿ ಅರ್ಧ ಗಂಟೆ ಕೂತು, ಏನೂ ಹೇಳದೆ ಎದ್ದು ಹೋಗುತ್ತಿದ್ದ. ಒಂದು ದಿನ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಆಕೆ ತಲೆಯೆತ್ತಿ, ‘ನಿನಗೆ ಏನು ಬೇಕಿತ್ತು?’ ಎಂದು ಕೇಳಿದಳು. ಬಿರುಸಾಗಿ ಕೇಳಿರಲಿಲ್ಲ. ಹುಡುಗ ಎದ್ದು ಹೋದವನು ಎರಡು ತಿಂಗಳು ಆ ಮನೆಗೆ ಬರಲಿಲ್ಲ. ಆಮೇಲೆ ಆಕೆ ಬಾಗಿಲಿಗೆ ಬೀಗ ಹಾಕತೊಡಗಿದಳು.

ಎರಡನೆಯದು ಮಾಂಸದ್ದು. ಆತ ಸೀಲ್ ಹೊಡೆದು ತಂದರೆ ಮೊದಲು ತಾಯಿಯ ಮನೆಗೆ, ಆಮೇಲೆ ವಯಸ್ಸಾದವರಿಗೆ, ಉಳಿದದ್ದನ್ನು ಬಂದು ತೆಗೆದುಕೊಂಡು ಹೋಗಿ ಎಂದು ಊರಿನ ಎಫ್‌ಎಂ ರೇಡಿಯೊದಲ್ಲಿ ಹೇಳಿಬಿಡುತ್ತಿದ್ದ. ಅಂಗಡಿಯಲ್ಲಿ ತರಕಾರಿ ಮತ್ತು ಹಾಲಿನ ಬೆಲೆ ದಕ್ಷಿಣದ ಬೆಲೆಯ ಎರಡು ಮೂರು ಪಟ್ಟು. ಆ ಖರ್ಚು ಆಕೆಯ ಸಂಬಳದ್ದು. ‘ನಮ್ಮ ಮನೆಯ ಆಹಾರ ಹೋಯಿತು ಎನ್ನುವ ಸುದ್ದಿಯನ್ನು ನಾನು ರೇಡಿಯೊದಲ್ಲಿ ಕೇಳಬೇಕೇ?’ ಎಂಬುದು ಆಕೆಯ ಪ್ರಶ್ನೆ. ಆತನ ಕಡೆಯಿಂದ ನೋಡಿದರೆ, ಹಂಚಬಲ್ಲವನಾಗಿ ನಿಲ್ಲುವುದೇ ಗಂಡಸಾದವನಿಗೆ ಊರು ಕೊಡುವ ಮರ್ಯಾದೆ, ಮತ್ತು ಅದರಲ್ಲಿ ಹೆಂಡತಿಗೂ ಪಾಲುಂಟು.

ಮೂರನೆಯದು ಮಾತಿನದು. ‘ಯಾವಾಗ ಬರುತ್ತೀಯ?’ ಎಂದರೆ ‘ಇಮ್ಮಕಾ’, ‘ಬಹುಶಃ’ ಎಂಬ ಉತ್ತರ. ಮಂಜು, ಗಾಳಿ ಮತ್ತು ಸೀಲುಗಳು ತೀರ್ಮಾನಿಸುವ ಸಂಗತಿಯನ್ನು ತಾನು ತೀರ್ಮಾನಿಸಿದಂತೆ ಹೇಳುವುದು ಆತನಿಗೆ ಜಂಬದ ಮಾತಾಗಿ ಕೇಳುತ್ತಿತ್ತು. ಆಕೆಗೆ ಅದು ಬದ್ಧತೆಯಿಲ್ಲದ ಮಾತಾಗಿ ಕೇಳುತ್ತಿತ್ತು. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಮೂರು ವರ್ಷದಲ್ಲಿ ಆತ ಒಮ್ಮೆಯೂ ಹೇಳಿರಲಿಲ್ಲ. ಅವರ ಇನುಕ್ಟಿಟುಟ್ ಭಾಷೆಯಲ್ಲಿ ಅದಕ್ಕೆ ‘ನಗ್ಲಿಗಿವಗಿತ್’ ಎಂಬ ಮಾತಿದೆ. ಅದರ ಬೇರಿನಲ್ಲಿರುವುದು ಎಳೆಯದರ ಮೇಲೆ, ಅಸಹಾಯದ ಮೇಲೆ ಹುಟ್ಟುವ ಕಾಪಾಡುವ ಭಾವ. ಕನ್ನಡದ ‘ಅಕ್ಕರೆ’ ಮತ್ತು ‘ಮರುಕ’ ಎರಡರ ನಡುವೆ ಎಲ್ಲೋ ಬರುತ್ತದೆ. ‘ಅದು ಮಕ್ಕಳಿಗೆ ಹೇಳುವ ಮಾತು’ ಎಂದು ಆತ ತಪ್ಪಿಸಿಕೊಂಡಿದ್ದ. ಮುಖಕ್ಕೆ ಮೂಗು ಒತ್ತಿ ಉಸಿರು ಎಳೆದುಕೊಳ್ಳುವ ‘ಕುನಿಕ್’ ಅವರ ಮುತ್ತು. ನಮ್ಮ ಅಜ್ಜಿಯರು ಮಕ್ಕಳ ನೆತ್ತಿ ಮೂಸುತ್ತಿದ್ದುದನ್ನು ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕುನಿಕ್ ಆಕೆಗೆ ಬೇಕಾದಷ್ಟು ಸಿಗುತ್ತಿತ್ತು. ಆದರೂ ಮಾತು ಬೇಕಿತ್ತು.

ಈ ಮೂರರ ಅಡಿಯಲ್ಲಿ ನಾಲ್ಕನೆಯದೊಂದು ಬೆಳೆಯುತ್ತಿತ್ತು. 2019ರ ಕೊನೆಯಲ್ಲಿ ಆಕೆ ಬಸುರಿಯಾದಳು. ಅದಕ್ಕೆ ಒಂದು ವರ್ಷ ಮೊದಲು ಅತ್ತೆಯ ಅಣ್ಣ ತೀರಿಕೊಂಡಿದ್ದರು. ಇನುಯಿಟ್ ಪದ್ಧತಿಯಲ್ಲಿ ತೀರಿಕೊಂಡವರ ಹೆಸರನ್ನು ಹುಟ್ಟುವ ಮಗುವಿಗೆ ಕೊಡುತ್ತಾರೆ. ಹೆಸರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಮತ್ತು ಹೆಸರಿನ ಜೊತೆಗೆ ನೆಂಟಸ್ತನವೂ ಬರುತ್ತದೆ. ಆ ಹೆಸರನ್ನಿಡಲು ಆಕೆ ಸಂತೋಷದಿಂದಲೇ ಒಪ್ಪಿದ್ದಳು. ಅಜ್ಜನ ಹೆಸರಿಟ್ಟ ಮೊಮ್ಮಗನನ್ನು ಹೆಸರು ಹಿಡಿದು ಬೈಯಲಾಗದೆ ‘ಅಜ್ಜಯ್ಯ’ ಎಂದೇ ಕರೆಯುವ ಮನೆಗಳು ನಮ್ಮಲ್ಲೂ ಇವೆ. ಅಲ್ಲಿ ಅದು ಇನ್ನೂ ಗಟ್ಟಿಯಾದ ನಂಟು. ಹುಟ್ಟಲಿರುವ ಮಗು ಅತ್ತೆಯ ಪಾಲಿಗೆ ಮರಳಿ ಬರುತ್ತಿರುವ ಅಣ್ಣ. ಡಿಸೆಂಬರಿನ ಒಂದು ಕತ್ತಲ ಮಧ್ಯಾಹ್ನ ಸಹೋದ್ಯೋಗಿಯೊಬ್ಬಳು, ‘ಮಗು ಅಜ್ಜಿಯ ಮನೆಗೆ ಹೋಗುತ್ತದಂತೆ, ಒಳ್ಳೆಯದಾಯಿತು’ ಎಂದಾಗಲೇ ಆಕೆಗೆ ಗೊತ್ತಾದದ್ದು: ಊರೆಲ್ಲ ತಿಳಿದಿದ್ದ ಒಂದು ಕೋರಿಕೆ ತನಗೆ ಮಾತ್ರ ತಿಳಿದಿರಲಿಲ್ಲ.

ಅಜ್ಜ ಅಜ್ಜಿಯರು, ಹತ್ತಿರದ ನೆಂಟರು ಮಗುವನ್ನು ಸಾಕಲು ತೆಗೆದುಕೊಳ್ಳುವುದು ಅಲ್ಲಿ ಗುಟ್ಟಿನ ವಿಷಯವಲ್ಲ. ಮಾತುಕತೆ ಸಾಮಾನ್ಯವಾಗಿ ಹುಟ್ಟುವ ಮುಂಚೆಯೇ ಆಗುತ್ತದೆ, ಮಗುವಿಗೆ ಹೆತ್ತವರು ಯಾರೆಂದು ಗೊತ್ತಿರುತ್ತದೆ. ಇಂಥ ದತ್ತುವಿಗೆ ಮಾನ್ಯತೆ ಕೊಡುವ ಕಾನೂನು 1995ರಿಂದಲೇ ಜಾರಿಯಲ್ಲಿದೆ. ಆಕೆಗೆ ಇದೆಲ್ಲ ಗೊತ್ತಿತ್ತು. ಅವಳ ತರಗತಿಯಲ್ಲೇ ಹಾಗೆ ಬೆಳೆದ ಮಕ್ಕಳಿದ್ದರು. ಆದರೆ ಆಕೆಗೆ ಆರು ವರ್ಷವಾಗಿದ್ದಾಗ ತಾಯಿ ಮನೆ ಬಿಟ್ಟು ಹೋಗಿದ್ದಳು. ತನ್ನ ಮಗು ಇನ್ನೊಂದು ಮನೆಯಲ್ಲಿ ಬೆಳೆಯುವುದನ್ನು ಆಕೆ ಊಹಿಸಿಕೊಳ್ಳಲೂ ಸಿದ್ಧಳಿರಲಿಲ್ಲ.

ಏನು ಮಾಡಿ ನೋಡಿದೆವು

2020ರ ಜನವರಿಯಲ್ಲಿ ಅವರು ನನಗೆ ಕರೆ ಮಾಡಿದರು. ನಾನು ಒಟ್ಟಾವಾದಲ್ಲಿದ್ದೆ. ಆಗ ಆ ಊರುಗಳ ಇಂಟರ್ನೆಟ್ಟೆಲ್ಲ ಉಪಗ್ರಹದ ಮೂಲಕ ಬರುತ್ತಿತ್ತು, ವಿಡಿಯೊ ಪದೇ ಪದೇ ನಿಂತುಹೋಗುತ್ತಿತ್ತು. ಆದ್ದರಿಂದ ಧ್ವನಿಯಷ್ಟೇ ಸಾಕೆಂದು ತೀರ್ಮಾನಿಸಿದೆ. ಇದು ನನ್ನ ಮೊದಲ ತಪ್ಪು ತೀರ್ಮಾನ. ಗಂಡನನ್ನು ಕೇಳಿದೆ: ‘ತಾಯಿಯ ಕೋರಿಕೆ ನಿಮಗೆ ಮೊದಲೇ ಗೊತ್ತಿತ್ತೇ?’ ಮೌನ. ‘ಹೆಂಡತಿಗೆ ನೋವಾಗಿದೆ ಎಂದು ಅನ್ನಿಸುತ್ತದೆಯೇ?’ ಮೌನ. ‘ಅದನ್ನು ಸರಿಪಡಿಸುವ ಮನಸ್ಸಿದೆಯೇ?’ ಮತ್ತೆ ಮೌನ. ಮೂರನೆಯ ಮಾತುಕತೆಯ ನಂತರ ನಾನು ಆ ಸಾಲನ್ನು ಬರೆದೆ. ನಾಲ್ಕನೆಯದರಲ್ಲಿ, ಆತನ ಮೌನದಿಂದ ಮಾತುಕತೆಯೇ ಮುಂದೆ ಸಾಗುತ್ತಿಲ್ಲ ಎಂದು ನಾನು ಸ್ವಲ್ಪ ಬೇಸರದಿಂದಲೇ ಹೇಳಿದಾಗ, ಆ ಕಡೆಯಿಂದ ಆಕೆಯ ನಗು ಕೇಳಿಸಿತು. ಎಷ್ಟೋ ದಿನದ ಮೇಲೆ ನಕ್ಕಳಂತೆ. ‘ಅವನು ಎಲ್ಲದಕ್ಕೂ ಹೌದು ಎಂದಿದ್ದಾನೆ. ನಿಮಗೆ ಕಾಣಿಸುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ’ ಎಂದಳು.

‘ಹೌದು’ ಎನ್ನಲು ತಲೆಯನ್ನು ಅಡ್ಡಡ್ಡ ತೂಗುವ ಜನರ ನಡುವೆ ಬೆಳೆದವಳು ನಾನು. ಕೆನಡಾಕ್ಕೆ ಬಂದ ಹೊಸದರಲ್ಲಿ ನನ್ನ ‘ಹೌದು’ ಎಷ್ಟು ಜನರಿಗೆ ‘ಇಲ್ಲ’ ಎಂದು ಕಂಡಿತ್ತೆಂದು ಲೆಕ್ಕವಿಲ್ಲ. ಹಾಗಿದ್ದೂ ಇದು ನನಗೆ ಹೊಳೆಯದೆ ಹೋದದ್ದಕ್ಕೆ ನಾನು ಕೊಡಬಲ್ಲ ವಿವರಣೆ ಒಂದೇ: ಫೋನಿನ ಈ ತುದಿಯಲ್ಲಿ ಕುಳಿತವರಿಗೆ ತಮಗೆ ಕೇಳಿಸದ್ದೆಲ್ಲ ಇಲ್ಲವೇ ಇಲ್ಲ ಎಂದು ನಂಬುವ ಅಭ್ಯಾಸ ಬಂದುಬಿಡುತ್ತದೆ.

ಎರಡನೆಯ ತಪ್ಪು ಹೆಚ್ಚು ದುಬಾರಿಯಾಯಿತು. ವಿಷಯವನ್ನು ಮುಚ್ಚಿಡುವುದರಿಂದಲೇ ಇಷ್ಟೆಲ್ಲ ಆಗಿದೆ, ಆದ್ದರಿಂದ ಮೂವರನ್ನೂ ಒಟ್ಟಿಗೆ ಕೂರಿಸಿ ನೇರವಾಗಿ ಕೇಳೋಣ ಎಂದು ನಾನು ಸೂಚಿಸಿದೆ. ಫೆಬ್ರವರಿಯಲ್ಲಿ ಅತ್ತೆಯೂ ಒಬ್ಬ ದುಭಾಷಿಯೂ ಕರೆಗೆ ಸೇರಿದರು. ‘ಮಗುವನ್ನು ಸಾಕುವ ಆಸೆ ನಿಮಗಿದೆಯೇ?’ ಎಂದು ಕೇಳಿದೆ. ‘ಈ’ ಎಂದರು ಅತ್ತೆ. ಹೌದು ಎಂದು ಅದರ ಅರ್ಥ. ‘ಸೊಸೆ ತಾನೇ ಸಾಕಬೇಕೆಂದಿದ್ದಾಳೆ, ಅದಕ್ಕೆ ನಿಮ್ಮ ಒಪ್ಪಿಗೆಯಿದೆಯೇ?’ ‘ಈ.’ ‘ಇದರಿಂದ ನಿಮಗೆ ಬೇಸರವಿಲ್ಲ ತಾನೇ?’ ‘ಈ.’ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕಡತದಲ್ಲಿ ನಾನು ‘ಒಮ್ಮತ’ ಎಂದು ಬರೆದೆ.

ಮರುದಿನ ಅತ್ತೆ ಮಗನ ಮನೆಗೆ ಬರುವುದನ್ನು ನಿಲ್ಲಿಸಿದರು. ನಾದಿನಿಯ ಮಕ್ಕಳೂ ಬರಲಿಲ್ಲ. ಮೂರನೆಯ ದಿನ ಆತ ಸ್ನೋಮೊಬೈಲ್ ಹತ್ತಿ ಬೇಟೆಗೆ ಹೋದವನು ಒಂಬತ್ತು ದಿನ ಹಿಂತಿರುಗಲಿಲ್ಲ. ಐದು ತಿಂಗಳ ಬಸುರಿ ಆ ಒಂಬತ್ತು ದಿನ ಒಬ್ಬಳೇ ಇದ್ದಳು. ದಕ್ಷಿಣಕ್ಕೆ ಮರಳುವ ವಿಮಾನದ ಟಿಕೆಟ್ಟಿನ ಬೆಲೆಯನ್ನು ಎರಡು ಸಲ ನೋಡಿದಳಂತೆ.

ತಿರುವು

ಆಗ ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ನನಗಿಂತ ತಿಳಿದವರನ್ನು ಕೇಳಿದ್ದು. ಬೇರೊಂದು ಊರಿನಲ್ಲಿ ಕುಟುಂಬಗಳ ನಡುವೆ ದಶಕಗಳಿಂದ ಕೆಲಸ ಮಾಡಿದ್ದ ಒಬ್ಬ ಹಿರಿಯ ಇನುಕ್ (‘ಇನುಯಿಟ್’ನ ಏಕವಚನ) ಮಹಿಳೆ, ಹೆಸರು ಮತ್ತು ಊರು ಯಾವುದನ್ನೂ ನಾನು ಹೇಳದಿದ್ದರೂ, ಎರಡೇ ನಿಮಿಷ ಕೇಳಿ ‘ಇಲಿರಾ’ ಎಂದರು. ಅದು ಬರಿಯ ಭಯವಲ್ಲ. ಕರಡಿಯನ್ನು ಕಂಡರೆ ಆಗುವುದಕ್ಕೆ ಬೇರೆ ಪದವಿದೆ. ನಮ್ಮ ಮೇಲೆ ಅಧಿಕಾರವಿರುವ, ಏನು ಮಾಡಿಯಾರೆಂದು ಮುಂಚಿತವಾಗಿ ಹೇಳಲಾಗದ ಮನುಷ್ಯರ ಎದುರಿನಲ್ಲಿ ಹುಟ್ಟುವ ಸಂಕೋಚ ಮತ್ತು ಅಂಜಿಕೆ ಬೆರೆತ ಭಾವ ಅದು: ಪೊಲೀಸ್, ಪಾದ್ರಿ, ವ್ಯಾಪಾರಿ, ಸರಕಾರಿ ಅಧಿಕಾರಿ. 1953ರಲ್ಲಿ ಉತ್ತರ ಕ್ವಿಬೆಕ್‌ನ ಇನುಕ್ಜುಆಕ್‌ನಿಂದ ಕೆಲವು ಕುಟುಂಬಗಳನ್ನು ಸರಕಾರ ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಗ್ರೀಸ್ ಫಿಯರ್ಡ್ ಮತ್ತು ರೆಸೊಲ್ಯೂಟ್‌ಗೆ ಸಾಗಿಸಿತು. ಅವರು ತಾವಾಗಿ ಒಪ್ಪಿದರು ಎಂಬುದು ಬಹುಕಾಲ ಅಧಿಕಾರಿಗಳ ವಾದವಾಗಿತ್ತು. ಸರಕಾರ ಕ್ಷಮೆ ಕೇಳಿದ್ದು 2010ರಲ್ಲಿ. ‘ಒಟ್ಟಾವಾದಿಂದ ಫೋನು, ಜೊತೆಗೆ ದುಭಾಷಿ, ಅಪರಿಚಿತ ಹೆಂಗಸಿನ ಪ್ರಶ್ನೆ. ಆ ಮುದುಕಿ ಇನ್ನೇನು ಹೇಳಬೇಕಿತ್ತು?’ ಎಂದು ಆ ಹಿರಿಯಾಕೆ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಕೇಳುವುದನ್ನು ಬಿಡಿ. ಸೊಸೆ ಹೋಗಿ ಕೂರಲಿ, ಕೈಗೆ ಏನಾದರೂ ಕೆಲಸವಿರಲಿ’ ಎಂದರು.

ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದರೆ ಅದು ಬೇಡವೆಂಬ ಉತ್ತರ ಎಂದು ನನ್ನೂರಿನಲ್ಲಿ ಹತ್ತು ವರ್ಷದ ಮಕ್ಕಳಿಗೂ ಗೊತ್ತು. ಮುಖಕ್ಕೆ ಹೊಡೆದಂತೆ ಕೇಳಬಾರದು, ಹೇಳಬಾರದು ಎಂಬ ನಡವಳಿಕೆಯಲ್ಲಿ ಬೆಳೆದ ನಾನೇ, ಓದಿ ಕಲಿತ ವಿಧಾನವನ್ನು ನಂಬಿ ಅದನ್ನು ಮರೆತಿದ್ದೆ.

ಮಾರ್ಚ್ 17ರಂದು ಕೋವಿಡ್ ಕಾರಣಕ್ಕೆ ನುನಾವುಟ್‌ನ ಶಾಲೆಗಳು ಮುಚ್ಚಿದವು. ಆಕೆಗೆ ಬಿಡುವಿತ್ತು. ತನ್ನ ಬಾಗಿಲಿನ ಬೀಗ ತೆಗೆದಿಟ್ಟು, ಬಾಗಿಲು ತಟ್ಟದೆ, ಅತ್ತೆಯ ಮನೆಯೊಳಗೆ ಹೋಗಿ ಕೂತಳು. ಮೊದಲ ದಿನ ಯಾರೂ ಮಾತನಾಡಿಸಲಿಲ್ಲ. ಆಕೆಯೂ ಅರ್ಧ ಗಂಟೆ ಕೂತು ಎದ್ದು ಬಂದಳು. ಸೋಫಾದ ಮೂಲೆಯ ಆ ಹುಡುಗನಿಗೆ ಅಂದು ಏನೂ ಬೇಕಿರಲಿಲ್ಲ, ಬಂದದ್ದೇ ಅವನ ಕೆಲಸವಾಗಿತ್ತು ಎಂಬುದು ಆಗ ತಿಳಿಯಿತು ಎಂದು ಆಮೇಲೆ ನನಗೆ ಹೇಳಿದಳು. ನಾಲ್ಕನೆಯ ದಿನವೋ ಐದನೆಯ ದಿನವೋ ಅತ್ತೆ ಒಂದು ಸೀಲ್ ತೊಗಲನ್ನು ಹಲಗೆಯ ಮೇಲೆ ಹಾಸಿ, ‘ಉಲು’ವನ್ನು ಆಕೆಯ ಕಡೆಗೆ ಸರಿಸಿದರು. ಉಲು ಎಂದರೆ ಹೆಂಗಸರು ಬಳಸುವ ಅರ್ಧಚಂದ್ರಾಕಾರದ ಕತ್ತಿ. ತೊಗಲಿನ ಒಳಮೈಗೆ ಅಂಟಿದ ಕೊಬ್ಬನ್ನು ಅದರಿಂದ ಹೆರೆಯಬೇಕು. ಕೈ ಹಗುರಾದರೆ ಕೊಬ್ಬು ಉಳಿಯುತ್ತದೆ, ಬಿಗಿಯಾದರೆ ತೊಗಲು ಹರಿಯುತ್ತದೆ. ಆಕೆ ಹರಿದಳು, ಹೆಬ್ಬೆರಳು ತೂರುವಷ್ಟು ತೂತು. ಅತ್ತೆ ಏನೂ ಹೇಳದೆ ತೊಗಲನ್ನು ತೆಗೆದುಕೊಂಡು, ತೂತಿನ ಅಂಚನ್ನು ಸಮ ಮಾಡಿ, ಸಣ್ಣ ಹೊಲಿಗೆಗಳಲ್ಲಿ ಮುಚ್ಚಿ, ಮತ್ತೆ ಅವಳ ಮುಂದಿಟ್ಟರು. ಮುಂದಿನ ತೂತು ಕಡಲೆಕಾಳಿನಷ್ಟಿತ್ತು.

ಏಪ್ರಿಲ್ ನಡುವಿನಲ್ಲಿ, ಹೆರೆಯುತ್ತಿರುವಾಗಲೇ, ಅತ್ತೆ ತಮ್ಮ ಬಾಲ್ಯದ ಮಾತನ್ನು ತೆಗೆದರು. ಸೊಸೆಯ ಮುಖ ನೋಡಿ ಹೇಳಲಿಲ್ಲ, ತೊಗಲಿಗೆ ಹೇಳುವಂತೆ ಹೇಳಿದರು. 1950ರಿಂದ 1969ರವರೆಗೆ ಬೇಸಿಗೆಯಲ್ಲಿ ಸಿ.ಡಿ. ಹೌ ಎಂಬ ಸರಕಾರಿ ಹಡಗು ಪೂರ್ವ ಆರ್ಕ್ಟಿಕ್ ತೀರದ ಊರುಗಳಿಗೆ ಬರುತ್ತಿತ್ತು. ಅದರೊಳಗೇ ಎಕ್ಸ್‌ರೇ ತೆಗೆದು, ಕ್ಷಯವಿದೆಯೆಂದು ಕಂಡವರನ್ನು ದಕ್ಷಿಣದ ಆಸ್ಪತ್ರೆಗಳಿಗೆ ಒಯ್ಯುತ್ತಿದ್ದರು. 1956ರ ಹೊತ್ತಿಗೆ ಏಳು ಜನ ಇನುಯಿಟ್‌ರಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಗಳಲ್ಲಿದ್ದರು. ಅತ್ತೆಗೆ ನಾಲ್ಕು ವರ್ಷವಾಗಿದ್ದಾಗ ಅವರ ತಾಯಿಯನ್ನು ಹಾಗೆ ಒಯ್ದರು. ಮೂರು ವರ್ಷದ ಮೇಲೆ ತಾಯಿ ಮರಳಿದಾಗ ಮಗಳಿಗೆ ಗುರುತು ಸಿಗಲಿಲ್ಲ. ಆ ಮೂರು ವರ್ಷ ಅವರನ್ನು ಬೆನ್ನ ಮೇಲೆ ಹೊತ್ತದ್ದು ಅಜ್ಜಿ, ಊಟದಲ್ಲಿ ತನ್ನ ಪಾಲು ಬಿಟ್ಟುಕೊಟ್ಟದ್ದು ಈಗ ತೀರಿಕೊಂಡ ಆ ಅಣ್ಣ. ಆಮೇಲೆ ವಸತಿ ಶಾಲೆ, ಎಂದರೆ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಡುತ್ತಿದ್ದ ಶಾಲೆ. ಹೇಳಿ ಮುಗಿಸಿ ಉಲುವನ್ನು ಒರೆಸಿಟ್ಟು ಚಹಾ ಕಾಯಿಸಲು ಎದ್ದರು.

ಎರಡು ದಿನದ ಮೇಲೆ ಸೊಸೆ ತನಗೆ ಬರುವ ಹರಕು ಮುರುಕು ಇನುಕ್ಟಿಟುಟ್‌ನಲ್ಲಿ, ತೊಗಲನ್ನೇ ನೋಡುತ್ತ, ತನ್ನ ತಾಯಿ ಬಿಟ್ಟು ಹೋದ ಕಥೆಯನ್ನು ಹೇಳಿದಳು. ಮಗುವನ್ನು ಕೊಡುವುದಿಲ್ಲವೆಂದೂ ಹೇಳಲಿಲ್ಲ, ಕೊಡುತ್ತೇನೆಂದೂ ಹೇಳಲಿಲ್ಲ. ಮಗುವಿನ ಮಾತನ್ನೇ ಎತ್ತಲಿಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ತೂಕದ ನಿರ್ಧಾರ ಇದೇ ಎಂದು ನಾನು ತಿಳಿದಿದ್ದೇನೆ, ಮತ್ತು ಅದರಲ್ಲಿ ನನ್ನ ಸಲಹೆಯೇನೂ ಇರಲಿಲ್ಲ. ಅತ್ತೆ ಉತ್ತರ ಕೊಡಲಿಲ್ಲ.

ಒಂದು ವಾರ ಕಳೆದು, ಆಕೆ ಹೊರಡಲು ಎದ್ದಾಗ, ಅತ್ತೆ ಒಂದು ನೂಲಿನೆಳೆ ಹಿಡಿದು ಹಿಂದಿನಿಂದ ಬಂದು ಭುಜದಿಂದ ಭುಜಕ್ಕೆ, ಕತ್ತಿನಿಂದ ಸೊಂಟಕ್ಕೆ ಅಳತೆ ತೆಗೆದುಕೊಂಡರು. ಆಕೆ ಅದನ್ನು ಅತ್ತೆ ಏನೋ ಅಂಗಿ ಹೊಲಿಯುತ್ತಾರಂತೆ ಎಂದು ಗಂಡನಿಗೆ ಮಾಮೂಲಿಯಾಗಿ ಹೇಳಿದಳು. ಆತ ಊಟ ಬಿಟ್ಟು ಎದ್ದು ನಿಂತನಂತೆ. ಅತ್ತೆ ಹೊಲಿಯಹೊರಟದ್ದು ‘ಅಮೌಟಿ’ಯನ್ನು: ಬೆನ್ನಿನಲ್ಲಿ ಮಗು ಕೂರುವ ಚೀಲವಿರುವ, ತಾಯಂದಿರು ತೊಡುವ ಮೇಲಂಗಿ. ಅದನ್ನು ಹೊಲಿಯುವುದು ಮಗುವನ್ನು ಹೊರುವವಳ ಅಳತೆಗೆ. ಸೊಸೆಯ ಭುಜದ ಅಳತೆ ತೆಗೆದುಕೊಂಡಾಗಲೇ ಅತ್ತೆ ತಮ್ಮ ಕೋರಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದರು.

ಆಮೇಲೆ

ರಕ್ತದೊತ್ತಡ ಏರಿದ್ದರಿಂದ ಹೆರಿಗೆಗೆ ಆಕೆಯನ್ನು ಜೂನ್‌ನಲ್ಲಿ ಒಟ್ಟಾವಾಕ್ಕೆ ಕಳುಹಿಸಿದರು. ಜೊತೆಗೆ ಬರಲು ಆತನಿಗೂ ಅನುಮತಿ ಸಿಕ್ಕಿತು. ಜುಲೈನಲ್ಲಿ ಹೆಣ್ಣುಮಗು ಹುಟ್ಟಿತು. ಆ ದಿನಗಳಲ್ಲಿ ನುನಾವುಟ್‌ಗೆ ಮರಳುವವರು ಮೊದಲು ದಕ್ಷಿಣದ ಹೋಟೆಲೊಂದರಲ್ಲಿ 14 ದಿನ ಪ್ರತ್ಯೇಕವಾಗಿ ಇರಬೇಕಿತ್ತು. ಒಂದೇ ಕೋಣೆ, ತೆರೆಯಲಾಗದ ಕಿಟಕಿ, ಎಳೆಗೂಸು. ಅಲ್ಲಿ ಒಂದು ರಾತ್ರಿ ಆತ ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಮಾತನಾಡಿದ. ತಾಯಿ ತನಗೂ ನೇರವಾಗಿ ಕೇಳಿರಲಿಲ್ಲ, ‘ಮನೆಯಲ್ಲಿ ಎಳೆಗೂಸಿಲ್ಲದೆ ಬಿಕೋ ಎನ್ನುತ್ತದೆ’ ಎಂದಷ್ಟೇ ಅಂದಿದ್ದರು. ಅದನ್ನು ಹೆಂಡತಿಗೆ ತಿಳಿಸಿದರೆ ತಾನೇ ಕೇಳಿದಂತಾಗುತ್ತದೆ, ಕೇಳಿದರೆ ಆಕೆಯ ಮೇಲೆ ಹೊರೆ ಬೀಳುತ್ತದೆ ಎಂದು ಸುಮ್ಮನಿದ್ದನಂತೆ. ಆಕೆ ಅದನ್ನು ನಂಬಿದಳು, ಆದರೆ ಪೂರ್ತಿ ಕ್ಷಮಿಸಲಿಲ್ಲ. ಊರಿಗೆಲ್ಲ ಗೊತ್ತಿದ್ದು ತನಗೆ ಗೊತ್ತಿಲ್ಲದಂತೆ ಬಿಟ್ಟದ್ದನ್ನು ಮರ್ಯಾದೆ ಎಂದು ಕರೆಯಲು ತಾನು ಸಿದ್ಧಳಿಲ್ಲ ಎಂದಳು. ನಾನು ಆಕೆಯ ಪಕ್ಷದಲ್ಲಿದ್ದೇನೆ. ಮೌನಕ್ಕೆ ಅರ್ಥವಿದೆ ಎಂದು ಕಲಿತವರು ಎಲ್ಲ ಮೌನವನ್ನೂ ಪೂಜಿಸಲು ಹೊರಡುವುದುಂಟು. ಆತನ ಮೌನದಲ್ಲಿ ಪದ್ಧತಿಯೂ ಇತ್ತು, ತಪ್ಪಿಸಿಕೊಳ್ಳುವಿಕೆಯೂ ಇತ್ತು. ಎರಡನ್ನೂ ಬೇರ್ಪಡಿಸಿ ನೋಡುವುದು ಅವರಿಬ್ಬರ ಕೆಲಸವಾಗಿತ್ತು, ಅದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು. ಅದೇ ಕೋಣೆಯಲ್ಲಿ ಆತ ಮಗುವಿಗೆ ‘ನಗ್ಲಿಗಿವಗಿತ್’ ಎನ್ನುವುದನ್ನು ಆಕೆ ಕೇಳಿದಳು. ಅಂದಿನಿಂದ ಆ ಮಾತಿಗಾಗಿ ಕಾಯುವುದನ್ನು ಬಿಟ್ಟೆ ಎಂದು ನನಗೆ ಬರೆದಳು.

ಮಗುವನ್ನು ಅತ್ತೆ ‘ಅನಿಗಾ’ ಎಂದು ಕರೆಯುತ್ತಾರೆ. ಹೆಣ್ಣೊಬ್ಬಳು ತನ್ನ ಅಣ್ಣನನ್ನೋ ತಮ್ಮನನ್ನೋ ಕರೆಯುವ ಪದ ಅದು. ಕನ್ನಡದ ‘ಅಣ್ಣ’ನಿಗೆ ಅದು ಹತ್ತಿರವಾಗಿ ಕೇಳುವುದು ಬರಿಯ ಕಾಕತಾಳೀಯ, ಆದರೆ ನನಗೆ ಪ್ರತಿ ಸಲವೂ ಕಿವಿ ನಿಮಿರುತ್ತದೆ. ಮಗುವಿಗೆ ದತ್ತು ಪತ್ರವಾಗಲಿಲ್ಲ. ಆರು ತಿಂಗಳು ತುಂಬಿದ ಮೇಲೆ ವಾರದಲ್ಲಿ ಮೂರು ರಾತ್ರಿ ಅಜ್ಜಿಯ ಮನೆಯಲ್ಲಿ ಮಲಗುವ ವಾಡಿಕೆ ತಾನಾಗಿಯೇ ಬಂತು. ಯಾರೂ ದಿನ ಗೊತ್ತು ಮಾಡಿದ್ದಲ್ಲ. ಆಕೆಯ ಮನೆಯ ಬಾಗಿಲಿಗೆ ಈಗ ರಾತ್ರಿ ಒಂಬತ್ತರ ಮೇಲೆ ಮಾತ್ರ ಬೀಗ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. 2022ರಲ್ಲಿ ಆಕೆ ಒಂದು ವರ್ಷ ಕೆಲಸ ಬಿಟ್ಟಾಗ ಕೆಲಸಕ್ಕೆ ಅಂಟಿಕೊಂಡಿದ್ದ ಮನೆಯೂ ಹೋಯಿತು. ಬೇರೆ ಮನೆ ಸಿಗಲಿಲ್ಲ. ಆ ಪ್ರಾಂತ್ಯದಲ್ಲಿ ಸರಕಾರಿ ಬಾಡಿಗೆ ಮನೆಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ನಾಲ್ಕು ತಿಂಗಳು ಹನ್ನೆರಡು ಜನ ಆ ಮೂರು ಕೋಣೆಯ ಮನೆಯಲ್ಲಿದ್ದರು, ಪಾಳಿಯ ಮೇಲೆ ಮಲಗಿದರು. ದಂಪತಿಯ ನಡುವಿನ ಅತ್ಯಂತ ಕೆಟ್ಟ ಜಗಳ ಆಗ ನಡೆಯಿತು, ಆಕೆ ಮಗುವಿನೊಡನೆ ಆರು ವಾರ ಒಂಟಾರಿಯೊಗೆ ಹೋಗಿಬಿಟ್ಟಳು. ನಾನು ಹಳೆಯ ಟಿಪ್ಪಣಿಗಳನ್ನು ತೆಗೆದು, ಇಲಿರಾ, ಹೆಸರಿನ ನಂಟು ಎಂದೆಲ್ಲ ಕಾರಣ ಹುಡುಕಲು ಹೊರಟಿದ್ದೆ. ಆತ ಫೋನಿನಲ್ಲಿ, ಈ ಸಲ ಬಾಯಿಬಿಟ್ಟು, ‘ಮಲಗಲು ಜಾಗ ಇಲ್ಲ, ಅಷ್ಟೇ’ ಎಂದ. ಮನೆಯ ಕೊರತೆಯನ್ನು ಸಂಸ್ಕೃತಿಯ ತಲೆಗೆ ಕಟ್ಟುವುದು ನಮ್ಮಂಥವರಿಗೆ ಸುಲಭ, ಏಕೆಂದರೆ ಮನೆ ಕಟ್ಟಿಸಿಕೊಡುವುದು ನಮ್ಮ ಕೈಯಲ್ಲಿಲ್ಲ. ಆಕೆ ಮತ್ತೆ ಕೆಲಸಕ್ಕೆ ಸೇರಿ ಎರಡು ಕೋಣೆಯ ಮನೆ ಸಿಕ್ಕ ಮೇಲೆ ಜಗಳ ನಿಂತಿತು.

ಈಗ ನಾನು ಉತ್ತರದ ಕುಟುಂಬಗಳೊಡನೆ ಮಾತನಾಡುವಾಗ ಮೊದಲ ಭೇಟಿಗೆ ವಿಡಿಯೊ ಇರಲೇಬೇಕು ಎನ್ನುತ್ತೇನೆ, ಅದು ನಿಂತು ನಿಂತು ಓಡಿದರೂ ಸರಿ. ಹಿರಿಯರನ್ನು ಕರೆಗೆ ಕರೆಯುವುದಿಲ್ಲ. ‘ಹೌದು’ ಎಂಬ ಉತ್ತರ ಬಂದರೆ, ‘ಇಲ್ಲ’ ಎನ್ನಲು ಅವರಿಗೆ ದಾರಿಯಿತ್ತೇ ಎಂದು ಮೊದಲು ನೋಡಿಕೊಳ್ಳುತ್ತೇನೆ. ದಾರಿಯಿಲ್ಲದ ಕಡೆ ಬಂದ ಹೌದನ್ನು ಕಡತದಲ್ಲಿ ಬರೆಯುವುದಿಲ್ಲ. ಇದರಿಂದ ಕೆಲಸ ನಿಧಾನವಾಗಿದೆ, ಮೇಲಿನವರಿಗೆ ಕೊಡಬೇಕಾದ ವರದಿಗಳು ತೆಳ್ಳಗಾಗಿವೆ.

ಅತ್ತೆಯ ಒಪ್ಪಿಗೆಯ ವಿಷಯ. ಈ ಬರಹದ ಸಾರವನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದೆ; ಒಪ್ಪಿಗೆ ಕೇಳಬೇಡಿ ಎಂದೂ ಬರೆದೆ. ಮಗ ಒಂದು ಸಂಜೆ ತಾಯಿ ಹೊಲಿಯುತ್ತಿರುವಾಗ ಪಕ್ಕದಲ್ಲಿ ಕೂತು ಅದನ್ನು ಇನುಕ್ಟಿಟುಟ್‌ನಲ್ಲಿ ಹೇಳುತ್ತಾ ಹೋದ. ತೊಗಲು ಹರಿದ ಭಾಗ ಬಂದಾಗ ಅವರು ನಕ್ಕರು, ಉಳಿದಂತೆ ಏನೂ ಹೇಳಲಿಲ್ಲ. ಮರುದಿನ ಮಗನನ್ನು ಕರೆದು ಒಂದು ತಿದ್ದುಪಡಿ ಹೇಳಿ ಕಳುಹಿಸಿದರು: ಮಗ ಬೇಟೆಗೆಂದು ಹೋಗಿ ಮರಳದೆ ಇದ್ದದ್ದು ನಾನು ಬರೆದಂತೆ ಹನ್ನೊಂದು ದಿನವಲ್ಲ, ಒಂಬತ್ತು, ತಾವು ಎಣಿಸುತ್ತಿದ್ದರಂತೆ. ಮೇಲೆ ತಿದ್ದಿದ್ದೇನೆ.